ಟ್ರಾಮಿಗೆ ವಿದ್ಯುತ್ತಿನ ಬಲವಿತ್ತ ಫ್ರಾಂಕ್ ಸ್ಪ್ರೇಗ್

ಲೋಕಲ್ ಗಾಡಿಯಲ್ಲಿ ದಿನನಿತ್ಯ ಕಛೇರಿಗೂ ಹೋಟೆಲಿಗೂ ಹೋಗಿಬರುವ ನಮ್ಮ ಓದುಗರಲ್ಲಿ ಎಡಿಸನ್ನನ ಹೆಸರನ್ನು ಕೇಳದವರು ವಿರಳ. ಆದರೆ ಆ ಗಾಡಿಯ ಚಕ್ರಗಳನ್ನು ತಿರುಗಿಸುವ ವಿದ್ಯೆಯನ್ನು ನೆಲೆಗೊಳಿಸಿ, ವಿದ್ಯುತ್ ಸಾರಿಗೆಯ ಪಿತಾಮಹನೆಂದು ಜಗದ್ವಿಖ್ಯಾತನಾದ ಫ್ರಾಂಕ್ ಜೂಲಿಯನ್ ಸ್ಪ್ರೇಗನ ಚರಿತ್ರೆಯನ್ನು ಅರಿತವರು ಅಷ್ಟು ಮಂದಿಯಿಲ್ಲವೆಂದು ನಾವು ಭಾವಿಸುತ್ತೇವೆ.

ಸ್ಪ್ರೇಗನು 1857ರ ಜುಲೈ 25ರಂದು ಅಮೆರಿಕದ ಕನೆಕ್ಟಿಕಟ್ ಸಂಸ್ಥಾನದ ಮಿಲ್ಫರ್ಡಿನಲ್ಲಿ ಜನಿಸಿದನು. ಎಳವೆಯಲ್ಲಿಯೇ ತಾಯಿಯನ್ನು ಕಳೆದುಕೊಂಡು ಬಂಧುಗಳ ಆಶ್ರಯದಲ್ಲಿ ಬೆಳೆದನು. 1878ರಲ್ಲಿ ಅನಾಪೊಲಿಸಿನ ನೌಕಾ ವಿದ್ಯಾಲಯದಿಂದ ಉತ್ತೀರ್ಣನಾಗಿ ನೌಕಾದಳವನ್ನು ಸೇರಿದನು. 1882ರಲ್ಲಿ ವಿದ್ಯುತ್ ಪ್ರದರ್ಶನವೊಂದರ ನಿಮಿತ್ತ ಲಂಡನ್ನಿಗೆ ಹೋಗಿದ್ದಾಗ ಅಲ್ಲಿಯ ನೆಲದಡಿಯ ರೈಲಿನಲ್ಲಿ ಉಗಿಯಂತ್ರದ ಹೊಗೆಯನ್ನು ಕುಡಿದು, ಈ ಗಾಡಿಗಳನ್ನು ವಿದ್ಯುತ್ತಿನಿಂದ ಏಕೆ ಓಡಿಸಬಾರದೆಂದು ಯೋಚಿಸಿದನು. 1883ರಲ್ಲಿ ನೌಕರಿಯನ್ನು ಬಿಟ್ಟು ಎಡಿಸನ್ನನಲ್ಲಿಗೆ ಬಂದನು. ಎಡಿಸನ್ನನಿಗೆ ದೀಪಗಳ ಧ್ಯಾನ, ಸ್ಪ್ರೇಗನಿಗೆ ಮೋಟಾರಿನ ಧ್ಯಾನ. ಮರುವರ್ಷವೇ ಹೊರಬಂದು ತನ್ನದೇ ಕಂಪೆನಿಯನ್ನು ಸ್ಥಾಪಿಸಿದನು.

1887ರಲ್ಲಿ ವರ್ಜೀನಿಯದ ರಿಚ್ಮಂಡ್ ನಗರದ ಟ್ರಾಮಿನ ಗುತ್ತಿಗೆ ದೊರೆಯಿತು. ಹನ್ನೆರಡು ಮೈಲಿ ಹಾದಿ, ನಲವತ್ತು ಗಾಡಿ, ಎಂಬತ್ತು ಮೋಟಾರು, ವಿದ್ಯುದಾಗಾರ, ಎಲ್ಲವೂ ತೊಂಬತ್ತು ದಿನಗಳಲ್ಲಿ ಸಿದ್ಧವಾಗಬೇಕು. ಕೆಲಸವು ತೃಪ್ತಿಕರವಾದರೆ ಮಾತ್ರ 1,10,000 ಡಾಲರುಗಳು ಕೈಸೇರುವುವು. ಅಷ್ಟು ದೊಡ್ಡ ವಿದ್ಯುತ್ ಟ್ರಾಮನ್ನು ಅಂದಿನವರೆಗೆ ಯಾರೂ ಕಟ್ಟಿರಲಿಲ್ಲ. ಇಂತಹ ಕರಾರಿಗೆ ಸಹಿ ಹಾಕಿದ್ದನ್ನು ಸಾಹಸವೆನ್ನಬೇಕೋ ಮೊಂಡುತನವೆನ್ನಬೇಕೋ ನಾವರಿಯೆವು. ಸಹಿಯಾದ ಸ್ವಲ್ಪ ಕಾಲಕ್ಕೇ ಆತನು ವಿಷಮಶೀತಜ್ವರದಿಂದ ಹಾಸಿಗೆ ಹಿಡಿದನು. ಎದ್ದು ಬಂದು ನೋಡುವಾಗ ಹಳಿಗಳನ್ನು ಹಾಕಿದ್ದ ರೀತಿ ಕೆಟ್ಟದಾಗಿತ್ತು. ಏರುಗಳಾದರೋ ಕೆಲವೆಡೆ ನೂರಡಿಗೆ ಹತ್ತಡಿಯಷ್ಟು ಕಡಿದಾಗಿದ್ದುವು.

ಇಲ್ಲಿಯೇ ಆತನ ನಿಜವಾದ ಪರೀಕ್ಷೆ. ಮೋಟಾರು ಸ್ವಭಾವತಃ ಬಹು ವೇಗವಾಗಿ ತಿರುಗುವಂಥದು. ಆದರೆ ಒಂದು ಸುತ್ತಿನಲ್ಲಿ ಅದು ಕೊಡುವ ಬಲ ಅಲ್ಪ. ಹೋಟೆಲಿನ ದೊಡ್ಡ ಗ್ರೈಂಡರನ್ನು ನೋಡಿದವರಿಗೆ ಇದು ಸುಲಭವಾಗಿ ತಿಳಿಯುವುದು. ಮೋಟಾರಿನ ಕಡೆ ಸಣ್ಣ ಪುಲ್ಲಿ, ಕಲ್ಲಿನ ಕಡೆ ದೊಡ್ಡ ಪುಲ್ಲಿ. ವೇಗ ಇಳಿಯುವುದು, ಬಲ ಏರುವುದು. ಹಲ್ಲಿನ ಗಾಲಿಗಳಲ್ಲಿಯೂ ಲೆಕ್ಕ ಇದೇ. ಹದಿನೈದು ಹಲ್ಲಿನ ಗಾಲಿಯು ಅರುವತ್ತು ಹಲ್ಲಿನದನ್ನು ತಿರುಗಿಸಿದರೆ ವೇಗ ನಾಲ್ಕರಲ್ಲೊಂದಾಗಿ, ಸವೆತದ ನಷ್ಟವನ್ನು ಕಳೆದು, ಬಲ ನಾಲ್ಮಡಿಯಾಗುತ್ತದೆ. ಅದಕ್ಕೆ ಮೂರು ಪಟ್ಟಿನ ಇನ್ನೊಂದು ಜೋಡಿಯನ್ನು ಸೇರಿಸಿದರೆ ಹನ್ನೆರಡು ಮಡಿ.

ಸ್ಪ್ರೇಗನು ಮೊದಲು ಒಂದೇ ಜೋಡಿ ಗಾಲಿಗಳನ್ನು ನಂಬಿದ್ದನು. ಪರೀಕ್ಷೆಯ ದಿನ ಗಾಡಿಯು ಏರನ್ನೇನೋ ಹತ್ತಿತು. ಆದರೆ ಮೋಟಾರುಗಳು ಕಾದು ಕೆಟ್ಟು ನಿಂತುವು. ಸುತ್ತಲೂ ಜನಜಂಗುಳಿ. ಉಪಕರಣಗಳನ್ನು ತರಬೇಕೆಂದು ಸಹಾಯಕನನ್ನು ಕಳುಹಿಸಿ, ಸ್ಪ್ರೇಗನು ಗಾಡಿಯ ಬೆಂಚಿನ ಮೇಲೆ ಮಲಗಿಕೊಂಡನು. ಜನರೆಲ್ಲ ಬೇಸತ್ತು ಮನೆಗೆ ಹೋದ ಮೇಲೆ ಕತ್ತಲಿನಲ್ಲಿ ಉಪಕರಣಗಳು ಬಂದುವು: ನಾಲ್ಕು ಹೇಸರಗತ್ತೆಗಳು! ಅವು ವಿದ್ಯುತ್ ಗಾಡಿಯನ್ನು ಎಳೆದುಕೊಂಡು ಹೋದುವು.

ಮೋಟಾರಿಗೆ ಹೊರಲಾಗದ ಹೊರೆ ಬಿದ್ದು ಅದು ನಿಧಾನವಾದಷ್ಟೂ ಅದರೊಳಗೆ ಹರಿಯುವ ವಿದ್ಯುತ್ತು ಹೆಚ್ಚುತ್ತದೆ. ಪೂರ್ತಿ ನಿಂತಾಗ ಎಲ್ಲಕ್ಕಿಂತ ಹೆಚ್ಚು. ತಂತಿಯ ಸುರುಳಿ ಸುಡುವುದು ಆಗಲೇ. ಮುಂಬಯಿಯ ಐ.ಐ.ಟಿ.ಯ ಉತ್ಸವದಲ್ಲಿ ತಾವೇ ಕಟ್ಟಿದ ಕಾಳಗದ ರೋಬೋಗಳನ್ನು ಕಣಕ್ಕಿಳಿಸುವ ತರುಣರೂ ಇದೇ ಲೆಕ್ಕವನ್ನು ಮಾಡಬೇಕಾಗುತ್ತದೆ. ವೇಗದಾಸೆಯಿಂದ ಗಾಲಿಗಳ ಪ್ರಮಾಣವನ್ನು ತಗ್ಗಿಸಿದರೆ ಎದುರಾಳಿಯನ್ನು ನೂಕುವಾಗ ಯಂತ್ರ ನಿಂತು ಮೋಟಾರು ಸುಡುವುದು. ಅತಿಯಾಗಿ ಹೆಚ್ಚಿಸಿದರೆ ಯಂತ್ರ ತೆವಳುವುದು, ಎದುರಾಳಿ ತಪ್ಪಿಸಿಕೊಳ್ಳುವುದು.

ಸ್ಪ್ರೇಗನು ನಡುವೆ ಇನ್ನೊಂದು ಜೋಡಿ ಗಾಲಿಗಳನ್ನು ಸೇರಿಸಿದನು. ಸದ್ದೂ ಸವೆತವೂ ಹೆಚ್ಚಿದರೂ ಗಾಡಿ ಏರನ್ನು ಗೆದ್ದಿತು. ಮೋಟಾರನ್ನು ತೂಗುಹಾಕಿದ ಆತನ ಕ್ರಮವಂತೂ ಇನ್ನೂ ಜಾಣತನದ್ದು. ಗಾಡಿ ಕುಲುಕಿದಾಗ ಮೋಟಾರಿಗೂ ಅಚ್ಚಿಗೂ ನಡುವಣ ಅಂತರ ಬದಲಾದರೆ ಹಲ್ಲುಗಳು ಮುರಿಯುತ್ತವೆ. ಆದುದರಿಂದ ಮೋಟಾರಿನ ಒಂದು ಬದಿಯನ್ನು ಚಕ್ರದ ಅಚ್ಚಿಗೇ ತಗುಲಿಸಿ, ಇನ್ನೊಂದು ಬದಿಯನ್ನು ಸ್ಪ್ರಿಂಗಿನ ಮೂಲಕ ಚೌಕಟ್ಟಿಗೆ ಕಟ್ಟಿದನು. ಹಳಿ ಎಷ್ಟು ಕೆಟ್ಟದಾಗಿದ್ದರೂ ಹಲ್ಲು ಹಲ್ಲನ್ನು ಬಿಡಲಿಲ್ಲ.

1888ರ ಫೆಬ್ರವರಿ 2ರಂದು ಸಂಚಾರ ಆರಂಭವಾಯಿತು. ಗುತ್ತಿಗೆಯಲ್ಲಿ ಬಂದುದಕ್ಕಿಂತ ಖರ್ಚಾದುದೇ ಹೆಚ್ಚು. ಆದರೆ ಬೋಸ್ಟನ್ನಿನ ಟ್ರಾಮ್ ಕಂಪೆನಿಯ ಯಜಮಾನ ಹೆನ್ರಿ ವಿಟ್ನಿಯು ನೋಡಲು ಬಂದನು. ಅನೇಕ ಗಾಡಿಗಳು ಒಂದೇ ಕಡೆ ಸೇರಿದರೆ ಏನು ಗತಿ ಎಂಬುದು ಆತನ ಪಕ್ಷದವರ ಶಂಕೆ. ಒಂದು ರಾತ್ರಿ ಸ್ಪ್ರೇಗನು ಇಪ್ಪತ್ತೆರಡು ಗಾಡಿಗಳನ್ನು ಸಾಲಾಗಿ ನಿಲ್ಲಿಸಿ, ವಿಟ್ನಿಯನ್ನು ನಿದ್ರೆಯಿಂದ ಎಬ್ಬಿಸಿ ಕರೆತಂದನು. ದೀಪಗಳು ಮಂಕಾದುವು, ಆದರೆ ಒಂದರ ಹಿಂದೊಂದರಂತೆ ಗಾಡಿಗಳೆಲ್ಲ ಹೊರಟುವು. ಬೋಸ್ಟನ್ನು ವಿದ್ಯುತ್ತನ್ನು ಆರಿಸಿತು. ಮಿಕ್ಕ ನಗರಗಳು ಹಿಂಬಾಲಿಸಿದುವು. ನಮ್ಮ ದೇಶದಲ್ಲಿ ಮದರಾಸಿಗೆ 1895ರಲ್ಲಿ, ಮುಂಬಯಿಗೆ 1907ರಲ್ಲಿ ವಿದ್ಯುತ್ ಟ್ರಾಮು ಬಂದಿತು.

ಕಂಪೆನಿಯು 1890ರಲ್ಲಿ ಎಡಿಸನ್ನನ ಸಂಸ್ಥೆಯಲ್ಲಿ ಲೀನವಾಯಿತು. ಆ ಬಳಿಕ ಕೆಲವು ವರ್ಷ ಆತನು ಲಿಫ್ಟುಗಳನ್ನು ನಿರ್ಮಿಸಿದನು. ಆ ಅನುಭವದಿಂದಲೇ ಇನ್ನೊಂದು ಹೊಳಹು ದೊರೆಯಿತು. ಮುಂದಿನ ಎಂಜಿನ್ನೊಂದೇ ಇಡೀ ರೈಲನ್ನು ಎಳೆಯುವ ಬದಲು ಹಲವು ಡಬ್ಬಿಗಳ ಕೆಳಗೆ ಮೋಟಾರುಗಳಿರಲಿ. ಮುಂದಿರುವ ಒಬ್ಬನೇ ಚಾಲಕನು ಸಣ್ಣ ಕೈಪಿಡಿಯೊಂದರಿಂದ ಎಲ್ಲವನ್ನೂ ಒಟ್ಟಿಗೆ ಆಳಲಿ. 1897ರಲ್ಲಿ ಷಿಕಾಗೋದ ಎತ್ತರದ ರೈಲಿಗಾಗಿ ಈ ವ್ಯವಸ್ಥೆಯನ್ನು ಸಿದ್ಧಗೊಳಿಸಿ, ಆರು ಡಬ್ಬಿಗಳ ಗಾಡಿಯನ್ನು ತನ್ನ ಹತ್ತು ವರ್ಷದ ಮಗನ ಕೈಯಿಂದಲೇ ಓಡಿಸಿ ತೋರಿಸಿದನು. 1925ರ ಫೆಬ್ರವರಿ 3ರಂದು ಬೋರಿಬಂದರದಿಂದ ಕುರ್ಲಾಕ್ಕೆ ಹೊರಟ ನಮ್ಮ ದೇಶದ ಮೊದಲ ವಿದ್ಯುತ್ ರೈಲು ಈ ಕ್ರಮದ್ದೇ. ಇಂದಿನ ಲೋಕಲಿನಲ್ಲಿ ಮೋಟಾರಿನ ಜಾತಿ ಬದಲಾಗಿದೆ. ಮೋಟರ್‌ಮ್ಯಾನನೊಬ್ಬನೇ ಮುಂದೆ ಕುಳಿತು ಎಲ್ಲ ಮೋಟಾರು ಡಬ್ಬಿಗಳನ್ನು ನಡೆಸುವ ಕ್ರಮ ಬದಲಾಗಿಲ್ಲ.

ಸ್ಪ್ರೇಗನು 1934ರ ಅಕ್ಟೋಬರ್ 25ರಂದು, ತನ್ನ ಎಪ್ಪತ್ತೇಳನೆಯ ವಯಸ್ಸಿನಲ್ಲಿ ನಿಧನನಾದನು. ನೌಕಾದಳದಲ್ಲಿದ್ದವನಾದುದರಿಂದ ಆರ್ಲಿಂಗ್ಟನ್ನಿನ ರಾಷ್ಟ್ರೀಯ ಸ್ಮಶಾನಭೂಮಿಯಲ್ಲಿ ಅವನನ್ನು ಸಮಾಧಿ ಮಾಡಲಾಯಿತು.