ಕವಿಚಕ್ರವರ್ತಿ ಜನ್ನ

ಹಳೇಬೀಡಿನಲ್ಲಿ ಶ್ರೀ ಹೊಯ್ಸಳೇಶ್ವರನ ಆಲಯವನ್ನು ಸಂದರ್ಶಿಸಿ ದಕ್ಷಿಣಕ್ಕೆ ಅನತಿದೂರ ಸಾಗಿದರೆ ಬಸ್ತಿಹಳ್ಳಿಯ ಮೂರು ಬಸದಿಗಳು ಗೋಚರಿಸುತ್ತವೆ. ಅವುಗಳಲ್ಲಿ ಪಾರ್ಶ್ವನಾಥ ಬಸದಿಯನ್ನು ವಿಷ್ಣುವರ್ಧನನ ದಂಡನಾಯಕ ಗಂಗರಾಜನ ಮಗನಾದ ಬೊಪ್ಪನು 1133ರಲ್ಲಿ ಕಟ್ಟಿಸಿದನು. ಮುಂದೆ ಅದಕ್ಕೆ ದ್ವಾರವನ್ನು ಮಾಡಿಸಿದವನು ಮಹಾಕವಿ ಜನ್ನ. ಆತನು ಜೈನನಾದರೂ ಆತನ ಕಾವ್ಯವೊಂದು ನಮ್ಮ ಮನೆಗಳಲ್ಲಿಯೂ ವಿಚಾರಾರ್ಹವೆಂದು ಬಗೆದು ಈ ಚರಿತ್ರೆಯನ್ನು ಬರೆಯುತ್ತಿದ್ದೇವೆ.

ಜನ್ನನ ತಂದೆ ಶಂಕರ. ಸುಮನೋಬಾಣನೆಂದು ಖ್ಯಾತನಾಗಿ, ಹೊಯ್ಸಳ ನರಸಿಂಹನಲ್ಲಿ ಕಟಕೋಪಾಧ್ಯಾಯನಾಗಿದ್ದನು. ತಾಯಿ ಗಂಗಾದೇವಿ. ಸೂಕ್ತಿಸುಧಾರ್ಣವವನ್ನು ಸಂಕಲಿಸಿದ ಮಲ್ಲಿಕಾರ್ಜುನನು ಜನ್ನನ ಭಾವ. ಶಬ್ದಮಣಿದರ್ಪಣದ ಕರ್ತೃ ಕೇಶಿರಾಜನು ಸೋದರಳಿಯ. ಇಮ್ಮಡಿ ವೀರಬಲ್ಲಾಳನು ಜನ್ನನಿಗೆ ಕವಿಚಕ್ರವರ್ತಿಯೆಂಬ ಬಿರುದನ್ನಿತ್ತನು.

1209ರಲ್ಲಿ ಜನ್ನನು ಯಶೋಧರ ಚರಿತೆಯನ್ನು ರಚಿಸಿದನು. ಇದಕ್ಕೆ ಮೂಲ ವಾದಿರಾಜನ ಸಂಸ್ಕೃತ ಕಾವ್ಯ. ಈ ವಾದಿರಾಜನು ಹನ್ನೊಂದನೆಯ ಶತಮಾನದ ಜೈನಮುನಿ. ಸೋದೆಯ ನಮ್ಮ ಶ್ರೀ ವಾದಿರಾಜ ಗುರುಗಳಲ್ಲವೆಂಬುದನ್ನು ವಾಚಕರು ಗಮನಿಸಬೇಕು. ಅಂದಿನ ಕವಿಗಳಿಗೆ ಪ್ರಿಯವಾಗಿದ್ದುದು ಗದ್ಯಪದ್ಯಮಿಶ್ರಿತವಾದ ಚಂಪೂ. ಜನ್ನನಾದರೋ ಈ ಕಾವ್ಯವನ್ನು ಬಹುಮಟ್ಟಿಗೆ ಕಂದದಲ್ಲಿಯೇ ನಡೆಸಿದನು. ಕಂದಪದ್ಯದ ಒಂದನೆಯ ಮತ್ತು ಮೂರನೆಯ ಪಾದಗಳಿಗೆ ಹನ್ನೆರಡು ಮಾತ್ರೆಗಳು, ಎರಡನೆಯ ಮತ್ತು ನಾಲ್ಕನೆಯವಕ್ಕೆ ಇಪ್ಪತ್ತು, ಒಟ್ಟು ಅರುವತ್ತುನಾಲ್ಕು. ಈ ಸಣ್ಣ ಪಾತ್ರೆಯಲ್ಲಿ ವರ್ಣನೆಯನ್ನು ಲಂಬಿಸಲು ಎಡೆಯಿಲ್ಲ. ಘೋರವಾದುದನ್ನೂ ಕವಿ ಮಿತಮಾತಿನಲ್ಲಿ ಹೇಳುವುದರಿಂದ ಅದು ಮತ್ತಷ್ಟು ನಾಟುತ್ತದೆ.

ಕಥೆಯಾದರೂ ಘೋರವೇ ಸರಿ. ಉಜ್ಜಯಿನಿಯ ಅರಸ ಯಶೋಧರನ ರಾಣಿ ಅಮೃತಮತಿ ನಡುವಿರುಳಿನಲ್ಲಿ ಕೇಳಿಬಂದ ಗಾನಕ್ಕೆ ಮರುಳಾಗಿ ಕುರೂಪಿಯಾದ ಮಾವುತನಿಗೆ ಒಲಿಯುತ್ತಾಳೆ. ಅದನ್ನು ಕಣ್ಣಾರೆ ಕಂಡ ಅರಸನು ಎತ್ತಿದ ಕತ್ತಿಯನ್ನು ತಡೆದುಕೊಂಡು, ದುಃಸ್ವಪ್ನವಾಯಿತೆಂದು ತಾಯಿಗೆ ತಿಳಿಸುತ್ತಾನೆ. ಪರಿಹಾರಕ್ಕಾಗಿ ಬಲಿ ಕೊಡೆಂದು ಆಕೆ ಹಠ ಹಿಡಿಯಲು, ಜೀವಹಿಂಸೆಗೆ ಒಪ್ಪದ ಮಗ ಹಿಟ್ಟಿನ ಕೋಳಿಯನ್ನು ಕಡಿಯುತ್ತಾನೆ. ಆ ಕೋಳಿ ಕೂಗಿಬಿಡುತ್ತದೆ! ಕೊಲ್ಲುವ ಸಂಕಲ್ಪಮಾತ್ರದಿಂದಲೇ ತಾಯಿಮಕ್ಕಳು ಪ್ರಾಣಿಜನ್ಮಗಳಲ್ಲಿ ತೊಳಲುತ್ತಾರೆ. ಶೃಂಗಾರದಿಂದ ಬೀಭತ್ಸಕ್ಕೂ ಕರುಣಕ್ಕೂ ಹೊರಳಿದ ಕಾವ್ಯ, ಮಾರಿದತ್ತ ರಾಜನು ನರಬಲಿಯನ್ನು ತೊರೆಯುವಲ್ಲಿ ಶಾಂತದಲ್ಲಿ ನೆಲೆಗೊಳ್ಳುತ್ತದೆ.

ಇಲ್ಲಿ ಮಾಧ್ವರಾದ ನಮಗೆ ಒಂದು ಪ್ರಶ್ನೆ ಎದುರಾಗದಿರದು. ಯಜ್ಞದಲ್ಲಿ ಜೀವಂತ ಪಶುವಿಗೆ ಪ್ರತಿಯಾಗಿ ಪಿಷ್ಟಪಶುವನ್ನು ಅರ್ಪಿಸುವುದು ನಮ್ಮ ಸಂಪ್ರದಾಯ. ಜನ್ನನು ಹಿಟ್ಟಿನ ಕೋಳಿಯನ್ನೇ ದೋಷವೆಂದಿರುವನಲ್ಲ? ಎರಡರ ಸಂಕಲ್ಪವೂ ಒಂದೇ ಅಲ್ಲವೆಂದು ನಮ್ಮ ಭಾವನೆ. ಯಶೋಧರನ ಕತ್ತಿ ಬಲಿಯ ಬಯಕೆಗೆ ಮಣಿಯಿತು. ಪಿಷ್ಟಪಶುವಾದರೋ ಪ್ರಾಣಿಯ ಪ್ರಾಣವನ್ನುಳಿಸಿ ಭಗವಂತನ ಆರಾಧನೆಯನ್ನು ನಡೆಸಲಿಕ್ಕಾಗಿ. ಆದರೂ ಹಿಟ್ಟನ್ನು ಹಿಡಿದ ಕೈಯ ಹಿಂದಿನ ಮನಸ್ಸು ಎಂತಹುದೆಂಬ ಕವಿಯ ಎಚ್ಚರಿಕೆ ಯಾವ ಆರಾಧಕನಿಗೂ ಬೇಡವಾದುದಲ್ಲ.

ಮುಂದೆ ಜನ್ನನು ಬಲ್ಲಾಳನ ಮಗ ನರಸಿಂಹನಲ್ಲಿ ಅಧಿಕಾರಪದವಿಯನ್ನು ವಹಿಸಿದನು. 1230ರಲ್ಲಿ ಅನಂತನಾಥ ಪುರಾಣವನ್ನು ಚಂಪುವಿನಲ್ಲಿ ಪೂರೈಸಿದನು. ಬೇಲೂರು ಹಳೇಬೀಡುಗಳ ಯಾತ್ರೆಗೆ ತೆರಳುವ ಭಕ್ತರು ಬಸ್ತಿಹಳ್ಳಿಯಲ್ಲಿಯೂ ಕ್ಷಣಕಾಲ ನಿಂತು ಈ ಕವಿಯನ್ನು ಸ್ಮರಿಸಬೇಕೆಂದು ನಮ್ಮ ಕೋರಿಕೆ.