ಕವಿಶಿಷ್ಯ ಅಂತ ಸಹಿ ಹಾಕಿದ ಮೇಷ್ಟ್ರು

ಹೋದ ತಿಂಗಳು ನಮ್ಮ ಸಂಘದ ಗ್ರೂಪಿನಲ್ಲಿ ಒಂದು ಮೆಸೇಜ್ ಬಂತು. ಅರಸೀಕೆರೆ, ಬೇಲೂರು, ಹಳೇಬೀಡು ಕಡೆಯ ಸರ್ಕಾರಿ ಪ್ರೈಮರಿ ಶಾಲೆಗಳಿಗೆ ಕೊಡೋದಕ್ಕೆ ಪುಟ್ಟ ಕಥೆಪುಸ್ತಕ ಮಾಡೋಣ, ಬರೆಯೋರು ಹೆಸರು ಕೊಡಿ ಅಂತ. ಮಕ್ಕಳ ಕಥೆ ತಾನೆ, ಒಂದು ರಾತ್ರಿ ಸಾಕು ಅಂದುಕೊಂಡು ನಾನೂ ಹೆಸರು ಕೊಟ್ಟೆ. ಹಳೇಬೀಡಿನ ಗುಡಿಯ ಗೋಡೆಯಲ್ಲಿ ಸಾಲಾಗಿ ನಿಂತಿರೋ ಕಲ್ಲಿನ ಆನೆಗಳಲ್ಲಿ ಒಂದು ರಾತ್ರಿ ಹೊತ್ತು ಇಳಿದು ಓಡಾಡುವ ಕಥೆ ಬರೆದೆ. ಮೂರನೇ ಕ್ಲಾಸಿನಲ್ಲಿರುವ ಚಿಕ್ಕಪ್ಪನ ಮಗಳಿಗೆ ಓದಿ ಹೇಳಿದರೆ ಎರಡನೇ ಪ್ಯಾರಾಕ್ಕೇ ಎದ್ದು ಹೋದಳು. ಪರಂಪರೆ, ಅಸ್ತಿತ್ವ ಅಂತೆಲ್ಲ ಬರೆದಿದ್ದೆ, ಎದ್ದು ಹೋಗದೆ ಏನು ಮಾಡ್ತಾಳೆ?

ಮಕ್ಕಳಿಗೆ ಹೇಗೆ ಬರೀತಾರೆ ಅಂತ ಲೈಬ್ರರಿಯಲ್ಲಿ ಹುಡುಕುವಾಗ ಸಿಕ್ಕಿದವರು ಪಂಜೆ ಮಂಗೇಶರಾಯರು. ನಾಗರಹಾವಿನ ಪದ್ಯ ನಿಮಗೆಲ್ಲ ಗೊತ್ತು. ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನನಗೂ ಗೊತ್ತಿತ್ತು, ಅಮ್ಮ ಹೇಳಿಕೊಟ್ಟಿದ್ದು. ಬರೆದವರು ಯಾರು ಅಂತ ಮಾತ್ರ ಒಂದು ಸಲವೂ ಕೇಳಿರಲಿಲ್ಲ.

ಪಂಜೆಯವರು ಹುಟ್ಟಿದ್ದು 1874ರ ಫೆಬ್ರವರಿ 22ರಂದು, ದಕ್ಷಿಣ ಕನ್ನಡದ ಬಂಟ್ವಾಳದಲ್ಲಿ. ಮನೆಯಲ್ಲಿ ಬಡತನ. ಅಪ್ಪ ಬೇಗ ತೀರಿಕೊಂಡರು, ಸಂಸಾರದ ಭಾರ ಹುಡುಗನ ತಲೆ ಮೇಲೆ ಬಿತ್ತು. ಮಂಗಳೂರಿನಲ್ಲಿ ಬೇರೆ ಮಕ್ಕಳಿಗೆ ಪಾಠ ಹೇಳಿಕೊಂಡು ತಾವೂ ಓದಿದರು. ಸರ್ಕಾರಿ ಕಾಲೇಜಿನಲ್ಲಿ ಕನ್ನಡ ಪಂಡಿತರ ಕೆಲಸ ಸಿಕ್ಕಿತು. ಕೆಲಸ ಮಾಡುತ್ತಲೇ ಬಿ.ಎ. ಮುಗಿಸಿದರು, ಟೀಚರ್ ಟ್ರೈನಿಂಗೂ ಮಾಡಿಕೊಂಡರು, ಆಮೇಲೆ ಸ್ಕೂಲ್ ಇನ್‌ಸ್ಪೆಕ್ಟರ್ ಆದರು.

ನನ್ನನ್ನು ಹಿಡಿದು ನಿಲ್ಲಿಸಿದ ವಿಷಯ ಬೇರೆ. ಪಂಜೆಯವರ ಮನೆಮಾತು ಕನ್ನಡ ಅಲ್ಲ, ಕೊಂಕಣಿ. ಬೀದಿಗೆ ಬಂದರೆ ತುಳು. ಕನ್ನಡ ಅವರಿಗೆ ಶಾಲೆಯ ಭಾಷೆ. ಶಾಲೆಯಲ್ಲಿ ಕಲಿತ ಭಾಷೆಯಲ್ಲಿ ಬರೆಯೋರು ಸಾಮಾನ್ಯವಾಗಿ ನನ್ನ ಹಾಗೆ ಬರೀತಾರೆ, ಡಿಕ್ಷನರಿ ಎದುರಿಗೆ ಇಟ್ಟುಕೊಂಡು. ಪಂಜೆಯವರ ಪದ್ಯ ನೋಡಿ, ಅಜ್ಜಿ ತೊಡೆ ಮೇಲೆ ಕೂರಿಸಿಕೊಂಡು ಹೇಳಿದ ಹಾಗಿದೆ. 'ತೆಂಕಣ ಗಾಳಿಯಾಟ'ವನ್ನು ಮನಸ್ಸಿನಲ್ಲೇ ಓದಿದರೆ ಏನೂ ಆಗಲ್ಲ. ಬಾಯಿ ಬಿಟ್ಟು ಓದಿ, ಹಾಸ್ಟೆಲ್ ರೂಮಿನಲ್ಲಿ ಗಾಳಿ ಬೀಸುತ್ತೆ. (ನಾನು ಓದಿದೆ. ರೂಮ್‌ಮೇಟ್ ಬೈದ.)

ಆಗ ಶಾಲೆಯ ಕನ್ನಡ ಅಂದರೆ ಹಳೆಯ ಪದ್ಯಗಳನ್ನು ಬಾಯಿಪಾಠ ಮಾಡೋದೇ ದೊಡ್ಡ ಕೆಲಸ. ಅದರ ಪಕ್ಕದಲ್ಲಿ ಪಂಜೆಯವರು ಇಲಿ, ಹಾವು, ಕೋಳಿ, ಗಾಳಿ ತಂದು ನಿಲ್ಲಿಸಿದರು. ಇನ್‌ಸ್ಪೆಕ್ಟರ್ ಬಂದರೆ ಮೇಷ್ಟ್ರುಗಳೇ ನಡುಗುತ್ತಿದ್ದ ಕಾಲದಲ್ಲಿ ಈ ಇನ್‌ಸ್ಪೆಕ್ಟರ್ ಮಕ್ಕಳ ಮುಂದೆ ನಿಂತು ಹಾಡುತ್ತಿದ್ದರು, ಅಭಿನಯ ಮಾಡಿ ಕಥೆ ಹೇಳುತ್ತಿದ್ದರು. ಇಂಗ್ಲಿಷಿನಿಂದಲೂ ಧಾರಾಳವಾಗಿ ತಂದರು. 'ಮೂರು ಕರಡಿಗಳು' ನಾವು ಎಲ್‌ಕೆಜಿಯಲ್ಲಿ ಕೇಳಿದ ಅದೇ ಕಥೆ. 'ಸಿಗಡಿ ಯಾಕೆ ಒಣಗಲಿಲ್ಲ' ಅನ್ನೋದು ಮಾತ್ರ ಪೂರ್ತಿ ಕರಾವಳಿಯ ವಾಸನೆಯದ್ದು. ಒಂದು ಪ್ರಶ್ನೆಗೆ ಉತ್ತರ ಸಿಕ್ಕರೆ ಆ ಉತ್ತರದ ಹಿಂದೆ ಇನ್ನೊಂದು ಪ್ರಶ್ನೆ. ಕೋಡ್ ಡಿಬಗ್ ಮಾಡುವಾಗ ನಾವು ಎರರ್ ಹಿಂದೆ ಹೋಗ್ತೀವಲ್ಲ, ಹಾಗೆ.

ಇಷ್ಟೆಲ್ಲ ಬರೆದರೂ ಅಚ್ಚು ಹಾಕೋರು ಬೇಕಲ್ಲ? ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್ಸಿನ ಶಾಲಾ ಪದ್ಯಪುಸ್ತಕಗಳಲ್ಲಿ ಅವರ ಪದ್ಯಗಳು ಬಂದವು. ಆದರೆ ಪಠ್ಯಪುಸ್ತಕದಲ್ಲಿ ಎಷ್ಟು ಹಿಡಿಯುತ್ತೆ? ಅದಕ್ಕೆ ಮಂಗಳೂರಿನಲ್ಲಿ ಬಾಲಸಾಹಿತ್ಯ ಮಂಡಲ ಕಟ್ಟಿದರು. ಮಕ್ಕಳ ಪುಸ್ತಕಕ್ಕಾಗಿಯೇ ಒಂದು ಸಂಘ. ಮಕ್ಕಳಿಗೆ ಬರೆದರೆ ಹೆಸರೂ ಇಲ್ಲ, ದುಡ್ಡೂ ಇಲ್ಲ ಅನ್ನುವ ಕಾಲದಲ್ಲಿ ಬರೆಯೋರಿಗೆ ಒಂದು ಜಾಗ ಅಂತ ಆಗಿದ್ದೇ ದೊಡ್ಡದು ಅನ್ನಿಸುತ್ತೆ ನನಗೆ.

ಹೆಸರಿನ ವಿಷಯಕ್ಕೆ ಬಂದರೆ ಇವರು ವಿಚಿತ್ರ. ಪದ್ಯಕ್ಕೆ ಕವಿಶಿಷ್ಯ ಅಂತ ಹಾಕಿಕೊಂಡರು. ಕವಿ ಅಲ್ಲ, ಕವಿಯ ಶಿಷ್ಯ. ಹರಟೆಗೆ ಹರಟೆಮಲ್ಲ. 1900ರಲ್ಲಿ ಬೆನಗಲ್ ರಾಮರಾಯರ 'ಸುವಾಸಿನಿ' ಪತ್ರಿಕೆಯಲ್ಲಿ ಬಂದ ಅವರ 'ನನ್ನ ಚಿಕ್ಕತಾಯಿ'ಯನ್ನು ಕನ್ನಡದ ಮೊದಮೊದಲ ಸಣ್ಣಕಥೆಗಳಲ್ಲಿ ಲೆಕ್ಕ ಹಾಕ್ತಾರೆ. ಅದೇ ದಾರಿ ಹಿಡಿದಿದ್ದರೆ ದೊಡ್ಡ ಕಥೆಗಾರ ಅನ್ನಿಸಿಕೊಳ್ಳಬಹುದಿತ್ತು. ಅವರು ಮಕ್ಕಳ ಕಡೆ ತಿರುಗಿದರು. ಇದು ನಷ್ಟ ಅಂತ ಯಾರಾದರೂ ಹೇಳಿದರೆ ನಾನು ಜಗಳಕ್ಕೆ ರೆಡಿ.

ಮುಂದೆ ಕೆಲಸದ ಮೇಲೆ ಕೊಡಗಿಗೆ ಹೋದರು, ಮಡಿಕೇರಿಯಲ್ಲಿ ಹೈಸ್ಕೂಲ್ ಮುಖ್ಯೋಪಾಧ್ಯಾಯರಾದರು. ಅಲ್ಲಿಯ ಸುಗ್ಗಿ ಹಬ್ಬದ ಮೇಲೆ ಬರೆದ 'ಹುತ್ತರಿ ಹಾಡು' ಕೊಡಗಿನವರ ಸ್ವಂತದ್ದೇ ಆಗಿಹೋಗಿದೆ. ಆಗ ಮಂಗಳೂರು ಮದ್ರಾಸ್ ಪ್ರಾಂತ್ಯದಲ್ಲಿ, ಕೊಡಗು ಬೇರೆ, ರಾಯಚೂರು ನಿಜಾಮರ ಕೆಳಗೆ, ನಮ್ಮ ಅರಸೀಕೆರೆ ಬೇಲೂರು ಮೈಸೂರು ಸಂಸ್ಥಾನದಲ್ಲಿ. ಹಾಸನದಿಂದ ಘಟ್ಟ ಇಳಿದು ಮಂಗಳೂರಿಗೆ ಹೋಗೋ ರೈಲು ಬಂದದ್ದೇ 1979ರಲ್ಲಿ. ಪದ್ಯಗಳು ಅದಕ್ಕೆ ಕಾಯಲಿಲ್ಲ, ಮಕ್ಕಳ ಬಾಯಲ್ಲೇ ಘಟ್ಟ ಹತ್ತಿದವು. ಘಟ್ಟದ ಮೇಲೆ ಮಕ್ಕಳಿಗೆ ಬರೆದ ಜಿ.ಪಿ. ರಾಜರತ್ನಂ, ಅರಗಂ ಲಕ್ಷ್ಮಣರಾಯರು ಇವರಿಗಿಂತ ಚಿಕ್ಕವರು. ಲಕ್ಷ್ಮಣರಾಯರ ಕಾವ್ಯನಾಮ ಏನು ಗೊತ್ತಾ? ಹೊಯ್ಸಳ! ಹಳೇಬೀಡಿನವರು ಇನ್ನುಮುಂದೆ ಇದನ್ನೂ ಹೇಳಿಕೊಂಡು ತಿರುಗಬಹುದು.

1934ರಲ್ಲಿ ರಾಯಚೂರಿನ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಪಂಜೆಯವರೇ ಅಧ್ಯಕ್ಷರು. ಮಕ್ಕಳಿಗೆ ಇಲಿ ಕಥೆ ಹೇಳಿದ ಮೇಷ್ಟ್ರನ್ನು ದೊಡ್ಡವರು ತಮ್ಮ ಸಭೆಯ ಕುರ್ಚಿಯಲ್ಲಿ ಕೂರಿಸಿದರು. ಮೂರು ವರ್ಷದ ಮೇಲೆ, 1937ರ ಅಕ್ಟೋಬರ್‌ನಲ್ಲಿ, ಹೈದರಾಬಾದಿನಲ್ಲಿ ತೀರಿಕೊಂಡರು. ಕುವೆಂಪು ಅವರ ಮೇಲೆ ಪದ್ಯ ಬರೆದಿದ್ದಾರೆ. ಅವರ ಬರಹಗಳೆಲ್ಲ ಒಂದು ಕಡೆ ಸೇರಿ ಸಂಪುಟವಾಗಿ ಬಂದದ್ದು ಎಷ್ಟೋ ವರ್ಷಗಳ ನಂತರ.

ನಮ್ಮ ಪುಸ್ತಕಕ್ಕೆ ಕಥೆ ಸಾಲದು ಅಂತ ಸಂಘದವರು ಕೊನೆಯ ದಿನ ಮುಂದಕ್ಕೆ ಹಾಕಿದ್ದಾರೆ, ಬರೆಯೋರು ಈಗಲೂ ಕೊಡಬಹುದು. ನನ್ನ ಆನೆಯ ಕಥೆಯಲ್ಲಿ ಪರಂಪರೆ ತೆಗೆದು ಹಾಕಿದೆ. ಈಗ ಅದಕ್ಕೆ ಬರೀ ಹಸಿವು. ಬೇಲೂರು ರಸ್ತೆಯ ಕಬ್ಬಿನ ಹಾಲಿನ ಅಂಗಡಿ ಮುಂದೆ ಬಂದು ನಿಲ್ಲುತ್ತೆ. ಭಾನುವಾರ ಊರಿಗೆ ಹೋದಾಗ ಚಿಕ್ಕಪ್ಪನ ಮಗಳಿಗೆ ಇನ್ನೊಂದು ಸಲ ಓದಬೇಕು.