ಮಂಡ್ಯಕ್ಕೆ ಸಕ್ಕರೆ ಕಾರ್ಖಾನೆ ತಂದ ದಿವಾನರು

ಕನ್ನಂಬಾಡಿ ಕಟ್ಟೆ ಎಂದರೆ ನಮ್ಮ ಭಾಗದ ಹಿರಿಯರ ಬಾಯಲ್ಲಿ ಬರುವುದು ನಾಲ್ವಡಿಯವರ ಹೆಸರು, ವಿಶ್ವೇಶ್ವರಯ್ಯನವರ ಹೆಸರು. ಅದು ಸರಿಯೇ. ಆದರೆ ಆ ನೀರು ನಾಲೆಗೆ ಬಂದ ಮೇಲೆ ಅದರಿಂದ ರೈತರ ಕೈಗೆ ಕಾಸು ಬರುವ ದಾರಿ ಮಾಡಬೇಕಾಗಿ ಬಂದಾಗ ದಿವಾನರಾಗಿದ್ದವರು ಸರ್ ಮಿರ್ಜಾ ಇಸ್ಮಾಯಿಲ್. ಅವರನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ.

ಮಿರ್ಜಾ ಅವರು ಹುಟ್ಟಿದ್ದು 1883ರ ಅಕ್ಟೋಬರ್ 24ರಂದು, ಬೆಂಗಳೂರಿನಲ್ಲಿ. ತಾತ ಅಲಿ ಅಸ್ಕರ್ ಪರ್ಷಿಯಾದಿಂದ ಕುದುರೆ ವ್ಯಾಪಾರಕ್ಕೆ ಬಂದು ಇಲ್ಲೇ ನೆಲೆ ನಿಂತವರು. ಮಿರ್ಜಾ ಬಾಲ್ಯದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಸಹಪಾಠಿ. 1905ರಲ್ಲಿ ಸೆಂಟ್ರಲ್ ಕಾಲೇಜಿನಿಂದ ಬಿ.ಎ. ಮುಗಿಸಿ ಪೊಲೀಸ್ ಇಲಾಖೆಗೆ ಸೇರಿದರು. ಅಲ್ಲಿಂದ ಮಹಾರಾಜರ ಕಾರ್ಯದರ್ಶಿಯಾಗಿ, 1926ರಲ್ಲಿ ದಿವಾನರಾದರು. 15 ವರ್ಷ ಆ ಹುದ್ದೆಯಲ್ಲಿದ್ದರು.

ಆಗ ಮಂಡ್ಯ ಎಂದರೆ ಮೈಸೂರು ಜಿಲ್ಲೆಯ ಒಂದು ತಾಲ್ಲೂಕು. ರೈಲು ನಿಲ್ದಾಣವಿತ್ತು, ಸುತ್ತ ರಾಗಿ, ಹುರುಳಿಯ ಹೊಲ. 1930ರ ದಶಕದ ಆರಂಭದಲ್ಲಿ ಇರ್ವಿನ್ ನಾಲೆಯ ನೀರು ಹರಿಯಿತು. ಎಲ್ಲರೂ ಭತ್ತವನ್ನೇ ಹಾಕಿದರೆ ನೀರು ಸಾಲದು ಎಂದು ಜಮೀನನ್ನು ಬ್ಲಾಕುಗಳಾಗಿ ವಿಂಗಡಿಸಿ ಕಬ್ಬು, ಭತ್ತ, ಅರೆನೀರಾವರಿ ಬೆಳೆಗಳನ್ನು ಸರದಿಯಲ್ಲಿ ಬೆಳೆಯುವ ಪದ್ಧತಿ ತಂದರು. ಯಾವ ಹೊಲದಲ್ಲಿ ಏನು ಬೆಳೆಯಬೇಕೆಂದು ಸರ್ಕಾರ ಹೇಳುವುದು ತಲೆತಲಾಂತರದ ಬೇಸಾಯಗಾರನಿಗೆ ಸುಲಭವಾಗಿ ಹಿಡಿಸುವ ಮಾತಲ್ಲ.

ಕಬ್ಬಿನ ಗುಣ ನಮ್ಮೂರಿನವರಿಗೆ ನಾನು ಹೇಳಬೇಕಾಗಿಲ್ಲ. ಕಡಿದ ಕಬ್ಬು ಒಣಗುತ್ತಾ ಹೋದಂತೆ ತೂಕವೂ ಇಳಿಯುತ್ತದೆ, ಸಕ್ಕರೆಯೂ ಇಳಿಯುತ್ತದೆ. ಆದ್ದರಿಂದ ಕಾರ್ಖಾನೆ ಗದ್ದೆಯ ಹತ್ತಿರವೇ ಇರಬೇಕು. ಮಂಡ್ಯದಲ್ಲಿ ನಾಲೆಯೂ ಇತ್ತು, ರೈಲೂ ಇತ್ತು. ಕೃಷಿ ಇಲಾಖೆಯ ನಿರ್ದೇಶಕರಾಗಿದ್ದ ಡಾ. ಲೆಸ್ಲಿ ಕೋಲ್ಮನ್ ಅವರ ದುಡಿಮೆ ಇದರ ಹಿಂದಿತ್ತು. 1932ರಲ್ಲಿ ಭಾರತ ಸರ್ಕಾರ ಹೊರದೇಶದ ಸಕ್ಕರೆಯ ಮೇಲೆ ರಕ್ಷಣಾ ಸುಂಕ ಹಾಕಿತು. ಮರುವರ್ಷವೇ ಮೈಸೂರು ಸಕ್ಕರೆ ಕಂಪನಿ ಹುಟ್ಟಿತು. ಸರ್ಕಾರ ಪಾಲು ಹಾಕಿತು, ರೈತರೂ ಷೇರುದಾರರಾದರು. ಬಂಡವಾಳಗಾರರು ಬರಲೆಂದು ಕಾಯುತ್ತಾ ಕೂತಿದ್ದರೆ ಆ ಸಮಯ ಕೈತಪ್ಪುತ್ತಿತ್ತು ಎಂದೇ ನನ್ನ ಅನಿಸಿಕೆ.

ಭದ್ರಾವತಿಯಲ್ಲೂ ಇದೇ ಲೆಕ್ಕ. ಹತ್ತಿರದ ಕಾಡಿನಲ್ಲಿ ಬಿದಿರು, ಪಕ್ಕದಲ್ಲಿ ಭದ್ರಾ ನದಿ. 1936ರಲ್ಲಿ ಕಾಗದದ ಕಾರ್ಖಾನೆಯ ಕಂಪನಿ ಅಲ್ಲಿ ಸ್ಥಾಪನೆಯಾಯಿತು. 1940ರಲ್ಲಿ ವಾಲ್‌ಚಂದ್ ಹೀರಾಚಂದ್ ವಿಮಾನ ಕಾರ್ಖಾನೆಗೆ ಜಾಗ ಹುಡುಕುತ್ತಿದ್ದಾಗ ಮಿರ್ಜಾ ಅವರು ಬೆಂಗಳೂರಿನಲ್ಲಿ ಜಮೀನು ಕೊಡಿಸಿ, ಸಂಸ್ಥಾನದ ಹಣವನ್ನೂ ಹೂಡಿಸಿದರು. ಇಂದಿನ ಎಚ್‌ಎಎಲ್ ಅದೇ. ದಿನವೂ ಆಫೀಸಿಗೆ ಹೋಗುವಾಗ ಆ ಉದ್ದನೆಯ ಕಾಂಪೌಂಡು ಗೋಡೆಯ ಪಕ್ಕ ಟ್ರಾಫಿಕ್‌ನಲ್ಲಿ ನಿಂತಿರುತ್ತೇನೆ.

1939ರ ಜುಲೈ 1ರಂದು 7 ತಾಲ್ಲೂಕುಗಳನ್ನು ಸೇರಿಸಿ ಮಂಡ್ಯ ಜಿಲ್ಲೆ ಮಾಡಿದರು. ಜಿಲ್ಲಾ ಕಚೇರಿಯ ಕೆಲಸಕ್ಕೆ ಮೈಸೂರಿಗೆ ಹೋಗುವ ಅಲೆದಾಟ ನಮ್ಮವರಿಗೆ ತಪ್ಪಿತು.

ಇಷ್ಟು ಹೇಳಿ ಇನ್ನೊಂದನ್ನು ಬಿಟ್ಟರೆ ತಪ್ಪಾಗುತ್ತದೆ. ಜಾಗ, ಬೆಳೆ, ಕಾರ್ಖಾನೆ ಎಲ್ಲವನ್ನೂ ಮೇಲಿನಿಂದ ತೀರ್ಮಾನಿಸುತ್ತಿದ್ದ ಆಡಳಿತ ಅದು. ಪ್ರಜಾಪ್ರತಿನಿಧಿ ಸಭೆ ಇದ್ದರೂ ದಿವಾನರು ಅದಕ್ಕೆ ಉತ್ತರದಾಯಿಯಲ್ಲ. 1938ರ ಏಪ್ರಿಲ್‌ನಲ್ಲಿ ಮದ್ದೂರಿನ ಬಳಿಯ ಶಿವಪುರದಲ್ಲಿ ನಮ್ಮವರೇ ನಿಷೇಧಾಜ್ಞೆ ಮುರಿದು ತ್ರಿವರ್ಣ ಧ್ವಜ ಹಾರಿಸಿದರು. ಅದೇ ತಿಂಗಳು ವಿದುರಾಶ್ವತ್ಥದಲ್ಲಿ ಪೊಲೀಸರ ಗುಂಡಿಗೆ ಜನ ಸತ್ತರು. ಆಗಲೂ ದಿವಾನರು ಇವರೇ. ಬಳಿಕ ಸರ್ದಾರ್ ಪಟೇಲರು ಬಂದು ಮಾತುಕತೆ ನಡೆಸಿ, ಧ್ವಜದ ವಿಷಯದಲ್ಲಿ ರಾಜಿಯಾಯಿತು. ಕಾರ್ಖಾನೆ ಕೊಟ್ಟವರೂ ಅವರೇ, ಬಾವುಟಕ್ಕೆ ಅಪ್ಪಣೆ ಕೊಡದವರೂ ಅವರೇ. ಎರಡನ್ನೂ ಒಟ್ಟಿಗೆ ನೆನಪಿಟ್ಟುಕೊಳ್ಳುವುದು ನನಗಂತೂ ಕಷ್ಟ.

1940ರಲ್ಲಿ ನಾಲ್ವಡಿಯವರು ತೀರಿಕೊಂಡರು. ಮರುವರ್ಷ ಮಿರ್ಜಾ ದಿವಾನಗಿರಿ ಬಿಟ್ಟರು. ಆಮೇಲೆ ಜೈಪುರದ ಪ್ರಧಾನಿಯಾಗಿ ಆ ನಗರವನ್ನು ಕೋಟೆಯ ಹೊರಕ್ಕೆ ಬೆಳೆಸಿದರು, ಸ್ವಲ್ಪ ಕಾಲ ಹೈದರಾಬಾದಿನಲ್ಲೂ ಇದ್ದರು. 1959ರ ಜನವರಿ 5ರಂದು ಬೆಂಗಳೂರಿನಲ್ಲಿ ನಿಧನರಾದರು.

ಇರ್ವಿನ್ ನಾಲೆಗೆ ಮುಂದೆ ವಿಶ್ವೇಶ್ವರಯ್ಯನವರ ಹೆಸರು ಬಂತು. ಜೈಪುರದ ಒಂದು ದೊಡ್ಡ ರಸ್ತೆಯನ್ನು ಅಲ್ಲಿನ ಜನ ಎಂ.ಐ. ರೋಡ್ ಎನ್ನುತ್ತಾರೆ. ಕೆಲಸದ ಮೇಲೆ ಅಲ್ಲಿಗೆ ಹೋಗಿದ್ದಾಗ ಆ ಎರಡು ಅಕ್ಷರ ಏನೆಂದು ಆಟೋದವನನ್ನು ಕೇಳಿದೆ. ಅವನಿಗೆ ತಿಳಿದಿತ್ತು.